ನೋಟಿಸು ಕೊಡದೆ ಬಂದ ಮುಳುಗಡೆ

ಮುಳುಗಡೆ ಎಂಬ ಶಬ್ದವನ್ನು ಬೀಳಗಿ, ಜಮಖಂಡಿ ಕಡೆಯವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಆಲಮಟ್ಟಿಯಲ್ಲಿ ಕೃಷ್ಣೆಗೆ ಅಣೆಕಟ್ಟು ಎದ್ದ ಮೇಲೆ ಹಿನ್ನೀರು ಹೊಲ ಹೊಕ್ಕಿತು, ಹಿತ್ತಲು ಹೊಕ್ಕಿತು, ಅಜ್ಜ ಮುತ್ತಜ್ಜರ ಗೋರಿ ಗದ್ದಿಗೆಗಳನ್ನೂ ಬಿಡಲಿಲ್ಲ. ಮನೆಯ ತೊಲೆ ಬಾಗಿಲು ಕಿತ್ತು ಚಕ್ಕಡಿಗೆ ಹೇರಿಕೊಂಡು ಪುನರ್ವಸತಿ ಕೇಂದ್ರದ ಕಡೆ ನಡೆದವರು ಇನ್ನೂ ನಮ್ಮ ನಡುವೆ ಇದ್ದಾರೆ. ಆದರೆ ಆ ನೀರಿಗಿಂತ ಮೊದಲು ಅಳೆಯುವವರು ಬಂದಿದ್ದರು. ನೋಟಿಸು ಬಂದಿತ್ತು. ಯಾವ ಸರ್ವೆ ನಂಬರು, ಎಷ್ಟು ಎಕರೆ, ಎಷ್ಟು ಗುಂಟೆ, ಉತಾರ ಯಾರ ಹೆಸರಿನಲ್ಲಿದೆ ಎಂಬುದೆಲ್ಲ ಕಾಗದದ ಮೇಲೆ ಇತ್ತು. ನೀರು ಎಲ್ಲಿಯ ತನಕ ಏರುತ್ತದೆ ಎಂಬುದಕ್ಕೆ 519.60 ಮೀಟರ್ ಎಂಬ ಗೆರೆ ಇತ್ತು. ಆ ಗೆರೆಯನ್ನು 524.256ಕ್ಕೆ ಏರಿಸುವ ಯೋಜನೆಗೆ 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಪರಿಹಾರ ನಿಗದಿ ಮಾಡಿತು. ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಬೇಸಾಯದ ಜಮೀನಿಗೆ 30 ಲಕ್ಷ ರೂಪಾಯಿ. ಅದು ಸಾಕೋ ಸಾಲದೋ, ಆ ಜಗಳ ಬೇರೆ. ಮುಳುಗುವುದಕ್ಕೆ ಒಂದು ಕಡತವಾದರೂ ಇತ್ತು, ಜವಾಬು ಕೇಳಲು ಒಂದು ಕಚೇರಿಯ ಬಾಗಿಲಾದರೂ ಇತ್ತು.

ಈಗ ಜಮಖಂಡಿ, ಮುಧೋಳ, ಬೀಳಗಿ, ರಬಕವಿ–ಬನಹಟ್ಟಿ ಎನ್ನದೆ ನಾಲ್ಕೂ ಕಡೆ ಇನ್ನೊಂದು ಮುಳುಗಡೆ ನಡೆದಿದೆ. ಹದಿಮೂರು ಹದಿನಾಲ್ಕರ ಮಕ್ಕಳ ನಿದ್ದೆ ಮುಳುಗಿದೆ. ಓದಿನ ಮೇಲಿನ ಗಮನ ಮುಳುಗಿದೆ. ಕನ್ನಡಿಯ ಮುಂದೆ ನಿಂತು ತನ್ನ ಮುಖವನ್ನು ತಾನೇ ಮೆಚ್ಚಿಕೊಳ್ಳುವ ಆ ವಯಸ್ಸಿನ ಸಣ್ಣ ಸಂತೋಷವೂ ಮುಳುಗಿದೆ. ಇದಕ್ಕೆ ನೋಟಿಸು ಕೊಟ್ಟವರಿಲ್ಲ, ಗೆರೆ ಎಳೆದವರಿಲ್ಲ. ಸಂತ್ರಸ್ತರ ಪಟ್ಟಿ ಮಾಡಿದ ಒಬ್ಬನೇ ಒಬ್ಬ ಅಧಿಕಾರಿ ಇಲ್ಲ. ನನಗೆ ಸಿಟ್ಟು ಬಂದಿದೆ. ಆ ಸಿಟ್ಟನ್ನು ಆರಿಸಿಕೊಂಡು ಬರೆಯುವ ಮನಸ್ಸು ನನಗಿಲ್ಲ.

ಬನಹಟ್ಟಿಯ ಯಾವುದೇ ನೇಕಾರರ ಓಣಿಯಲ್ಲಿ ಬೆಳಿಗ್ಗೆ ನಡೆದು ನೋಡಿ. ಪಾವರ್‌ಲೂಮಿನ ಸದ್ದು ಗೋಡೆ ದಾಟಿ ರಸ್ತೆಗೆ ಬಂದಿರುತ್ತದೆ. ಅವ್ವ ಕಂಡಕಿ ಸುತ್ತುತ್ತ ಕುಳಿತಿರುತ್ತಾಳೆ, ಅಪ್ಪ ರಾತ್ರಿ ಪಾಳಿ ಮುಗಿಸಿ ಗೋಡೆಗೆ ಒರಗಿರುತ್ತಾನೆ. ಒಳಗಿನ ಖೋಲಿಯಲ್ಲಿ ಒಂಬತ್ತನೇ ತರಗತಿಯ ಮಗ ಇನ್ನೂ ಎದ್ದಿರುವುದಿಲ್ಲ. “ರಾತ್ರಿ ಇಡೀ ಮೊಬೈಲ್ ಒತ್ತಕೋಂತ ಕುಂತಿರ್ತಾನ್ರೀ, ಹೊದ್ದಿಕಿ ಒಳಗ ಬೆಳಕು ಕಾಣತೈತಿ” ಎನ್ನುವ ಅವ್ವಂದಿರ ಮಾತು ಇಂದು ಮನೆ ಮನೆಯ ಮಾತು. ಹದಿಮೂರರಿಂದ ಹದಿನೆಂಟರ ಮಕ್ಕಳಿಗೆ ದಿನಕ್ಕೆ 8ರಿಂದ 10 ತಾಸು ನಿದ್ದೆ ಬೇಕು ಎನ್ನುತ್ತಾರೆ ವೈದ್ಯರು. ಬೆಳೆಯುವ ಮೆದುಳು ದಿನದ ಕಲಿಕೆಯನ್ನು ಗಟ್ಟಿ ಮಾಡಿಕೊಳ್ಳುವುದು ನಿದ್ದೆಯಲ್ಲಿ, ಮನಸ್ಸಿನ ಸಿಟ್ಟು ದುಃಖ ತಿಳಿಯಾಗುವುದೂ ನಿದ್ದೆಯಲ್ಲಿ. ನಿದ್ದೆಗೆಟ್ಟ ಆ ಹುಡುಗ ಸಾಲಿಯ ಬೆಂಚಿನ ಮೇಲೆ ಕಣ್ಣು ತೆರೆದುಕೊಂಡೇ ನಿದ್ದೆ ಮಾಡುತ್ತಾನೆ. ನಾವು ಅವನನ್ನು ದಡ್ಡ ಎನ್ನುತ್ತೇವೆ, ಸೋಮಾರಿ ಎನ್ನುತ್ತೇವೆ, ಕೈ ಎತ್ತಿ ಎರಡು ಏಟು ಬಿಗಿಯುತ್ತೇವೆ. ಅವನ ನಿದ್ದೆಯನ್ನು ಯಾರು ಒಯ್ದರು ಎಂದು ಮಾತ್ರ ಕೇಳುವುದಿಲ್ಲ.

ಒಯ್ದವರಿಗೆ ಹೆಸರಿದೆ, ತಾರೀಖಿದೆ.

2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು. ಕಬ್ಬಿನ ಹೊಲದ ಬದುವಿನ ಮೇಲೂ ವಿಡಿಯೊ ಓಡತೊಡಗಿತು. 2020ರಲ್ಲಿ ಕೊರೊನಾ ಬಂದು ಸಾಲಿ ಮುಚ್ಚಿದವು. ಪಾಠ ಬೇಕಾದರೆ ಪರದೆ ಬೇಕು ಎಂದರು. ಪಕ್ಕದ ಗದಗ ಜಿಲ್ಲೆಯ ನರಗುಂದ ತಾಲ್ಲೂಕಿನಲ್ಲಿ ಒಬ್ಬ ತಾಯಿ ಮಕ್ಕಳ ಪಾಠಕ್ಕೆಂದು ತಾಳಿ ಅಡವಿಟ್ಟು ಟಿವಿ ತಂದದ್ದು ಆಗ ಸುದ್ದಿಯಾಯಿತು. ನಮ್ಮಲ್ಲಿಯೂ ಸಾಲ ಮಾಡಿ ಸ್ಮಾರ್ಟ್‌ಫೋನ್ ತಂದ ಕುಟುಂಬಗಳಿಗೆ ಲೆಕ್ಕವಿಲ್ಲ. ಕಲಿಯಲಿ ಎಂದು ತಂದರು, ಹೊಟ್ಟೆ ಕಟ್ಟಿ ತಂದರು. ಅದೇ ವರ್ಷ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ನಿಷೇಧಿಸಿತು. ಜುಲೈ 8ಕ್ಕೆ ಇನ್‌ಸ್ಟಾಗ್ರಾಮ್ ಭಾರತದಲ್ಲಿ ರೀಲ್ಸ್ ತೆರೆಯಿತು. ನಡುವೆ ಇದ್ದದ್ದು ಒಂಬತ್ತು ದಿನ. ಮಕ್ಕಳಿಗೆ ಸಿಕ್ಕ ಬಿಡುವು ಅಷ್ಟೇ. ಸಾಲಿ ಮುಂದೆ ತೆರೆದವು, ಪಾಠ ಕರಿಹಲಗೆಗೆ ಮರಳಿತು, ಫೋನು ಮಾತ್ರ ಮಕ್ಕಳ ಕೈಯಲ್ಲೇ ಉಳಿಯಿತು.

ಪ್ರಥಮ್ ಸಂಸ್ಥೆಯ ಅಸರ್ 2024ರ ವರದಿಯಲ್ಲಿ ಹಳ್ಳಿಗಳ 14ರಿಂದ 16 ವಯಸ್ಸಿನ ಮಕ್ಕಳನ್ನು ಕೇಳಿ ಬರೆದ ಭಾಗವೊಂದಿದೆ. ದೇಶದ ಹಳ್ಳಿಗಳಲ್ಲಿ ಆ ವಯಸ್ಸಿನ ಶೇ 82ರಷ್ಟು ಮಕ್ಕಳಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಅವರಲ್ಲಿ ಹಿಂದಿನ ವಾರ ಓದಿಗಾಗಿ ಬಳಸಿದವರು ಶೇ 57, ಸಾಮಾಜಿಕ ಜಾಲತಾಣಕ್ಕಾಗಿ ಬಳಸಿದವರು ಶೇ 76. ಪಟ್ಟಣದ ಶ್ರೀಮಂತರ ಮಕ್ಕಳ ರೋಗ ಇದು ಎಂದು ನಂಬಿ ಕೂತವರು ಈ ಅಂಕಿಗಳನ್ನು ಓದಬೇಕು.

ಮಗ್ಗ ಬಲ್ಲವರಿಗೆ ಒಂದು ಮಾತು ಕೇಳುತ್ತೇನೆ. ಪಾವರ್‌ಲೂಮಿನಲ್ಲಿ ಹೊಕ್ಕಿನ ನೂಲು ಹರಿದರೆ ಏನಾಗುತ್ತದೆ? ಮಗ್ಗ ತಾನೇ ನಿಲ್ಲುತ್ತದೆ. ನೂಲಿಲ್ಲದೆ ಲಾಳಿ ಓಡಿದರೆ ಬಟ್ಟೆ ಕೆಡುತ್ತದೆ ಎಂದು ಬಲ್ಲವರು ಆ ಯಂತ್ರಕ್ಕೆ ನಿಲ್ಲುವ ಬುದ್ಧಿ ಕೊಟ್ಟರು. ಜಾಲತಾಣದ ಯಂತ್ರವನ್ನು ಕಟ್ಟಿದವರು ನಿಲ್ಲುವ ಜಾಗವನ್ನೇ ಕಿತ್ತುಹಾಕಿದರು. ಪುಸ್ತಕಕ್ಕೆ ಕಡೆಯ ಪುಟವಿದೆ, ಲೋಕಾಪುರದ ಕಡೆಯ ಪಾರಿಜಾತದ ಆಟಕ್ಕೂ ಬೆಳಗಿನ ಮಂಗಳಾರತಿ ಇತ್ತು. ಬೆರಳು ಎಳೆದಷ್ಟೂ ಬರುತ್ತಲೇ ಇರುವ ಈ ಪುಟಕ್ಕೆ ತಳವಿಲ್ಲ. 2006ರಲ್ಲಿ ಇದನ್ನು ರೂಪಿಸಿದ ಅಮೆರಿಕದ ಏಜಾ ರಾಸ್ಕಿನ್ ಮುಂದೆ ಇದಕ್ಕಾಗಿ ಬಹಿರಂಗವಾಗಿ ಪಶ್ಚಾತ್ತಾಪ ಪಟ್ಟರು. ಫೇಸ್‌ಬುಕ್ಕಿನ ಮೊದಲ ಅಧ್ಯಕ್ಷ ಶಾನ್ ಪಾರ್ಕರ್, ಜನರ ವೇಳೆಯನ್ನೂ ಗಮನವನ್ನೂ ಆದಷ್ಟು ಹೆಚ್ಚು ನುಂಗುವುದು ಹೇಗೆ ಎಂಬ ಯೋಚನೆಯಿಂದಲೇ ಇವನ್ನು ಕಟ್ಟಲಾಯಿತು ಎಂದು 2017ರಲ್ಲಿ ಒಪ್ಪಿಕೊಂಡರು. ಫೇಸ್‌ಬುಕ್ಕಿಗೆ ಮೆಚ್ಚುಗೆಯ ‘ಲೈಕ್’ ಗುಂಡಿ ಬಂದದ್ದು 2009ರಲ್ಲಿ. ಎಷ್ಟು ಜನ ಒತ್ತಿದರು, ಯಾರು ಒತ್ತಲಿಲ್ಲ, ಯಾಕೆ ಒತ್ತಲಿಲ್ಲ? ಯಾವಾಗ ಸಿಗುತ್ತದೆ ಎಂದು ಗೊತ್ತಾಗದ ಬಹುಮಾನಕ್ಕೆ ಮನಸ್ಸು ಮತ್ತೆ ಮತ್ತೆ ಕೈಚಾಚುತ್ತದೆ. ಮಟಕಾ ಆಡಿ ಮನೆ ಕಳೆದವರನ್ನು ನಮ್ಮೂರು ನೋಡಿದೆ. ಆ ಚಟದ ಬೇರನ್ನೇ ತಂದು, ಗೆಳೆಯರ ಕಣ್ಣಿನಲ್ಲಿ ತಾನು ಹೇಗೆ ಕಾಣುತ್ತೇನೆ ಎಂಬುದೇ ಜೀವವಾಗಿರುವ ಹದಿನಾಲ್ಕರ ಮನಸ್ಸಿನಲ್ಲಿ ಊರಿದ್ದಾರೆ.

ಈ ಕಂಪನಿಗಳಿಗೆ ಗೊತ್ತಿರಲಿಲ್ಲ ಎಂದು ಯಾರೂ ವಾದ ಮಾಡಬೇಡಿ. ಇನ್‌ಸ್ಟಾಗ್ರಾಮಿನ ಒಡೆಯ ಫೇಸ್‌ಬುಕ್ ಕಂಪನಿಯ ಒಳಗೆ ಕೆಲಸ ಮಾಡಿದ್ದ ಫ್ರಾನ್ಸಿಸ್ ಹೌಗನ್ 2021ರಲ್ಲಿ ಕಾಗದಪತ್ರಗಳನ್ನು ಹೊರಗೆ ತಂದರು. ತಮ್ಮ ದೇಹದ ಬಗ್ಗೆ ಕೀಳರಿಮೆ ಇದ್ದ ಹುಡುಗಿಯರಲ್ಲಿ ಶೇ 32ರಷ್ಟು ಮಂದಿ, ಇನ್‌ಸ್ಟಾಗ್ರಾಮ್ ಆ ನೋವನ್ನು ಹೆಚ್ಚಿಸಿತು ಎಂದು ಕಂಪನಿಯದೇ ಸಮೀಕ್ಷೆಗೆ ಹೇಳಿದ್ದರು. ಓದಿದರು, ಕಪಾಟಿನಲ್ಲಿ ಇಟ್ಟರು. 2023ರ ಅಕ್ಟೋಬರಿನಲ್ಲಿ ಅಮೆರಿಕದ 33 ರಾಜ್ಯಗಳು ಒಟ್ಟಾಗಿ, ಮೆಟಾ ಎಂದು ಹೆಸರು ಬದಲಿಸಿಕೊಂಡ ಅದೇ ಕಂಪನಿಯ ಮೇಲೆ ದಾವೆ ಹೂಡಿದವು. ಕಂಪನಿ ಆರೋಪವನ್ನು ಒಪ್ಪುವುದಿಲ್ಲ. ಬ್ರಿಟನ್ನಿನಲ್ಲಿ 14ರ ಬಾಲೆ ಮೋಲಿ ರಸೆಲ್ 2017ರಲ್ಲಿ ತೀರಿಕೊಂಡಳು. ಜಾಲತಾಣಗಳು ಅವಳ ಮುಂದೆ ಸುರಿದ ಬರಹ ಚಿತ್ರಗಳು ಆ ಸಾವಿಗೆ ತಮ್ಮ ಪಾಲು ಕೊಟ್ಟಿವೆ ಎಂದು 2022ರಲ್ಲಿ ಅಲ್ಲಿಯ ಮರಣ ವಿಚಾರಣಾಧಿಕಾರಿ ಬರೆದರು. ಮಂಡ್ಯ ತಾಲ್ಲೂಕಿನ ಹಲ್ಲೇಗೆರೆ ಮೂಲದ ವಿವೇಕ್ ಮೂರ್ತಿ ಅಮೆರಿಕದ ಸರ್ಜನ್ ಜನರಲ್ ಆಗಿದ್ದಾಗ, 2023ರ ಮೇ ತಿಂಗಳಲ್ಲಿ ಎಚ್ಚರಿಕೆ ಹೊರಡಿಸಿದರು. ದಿನಕ್ಕೆ ಮೂರು ತಾಸಿಗಿಂತ ಹೆಚ್ಚು ಜಾಲತಾಣದಲ್ಲಿ ಕಳೆಯುವ ಹರೆಯದವರಲ್ಲಿ ಆತಂಕ, ಖಿನ್ನತೆಯ ಲಕ್ಷಣಗಳ ಅಪಾಯ ಇಮ್ಮಡಿ ಎಂದರು. ಮರುವರ್ಷ, ತಂಬಾಕಿನ ಪೊಟ್ಟಣದ ಮೇಲೆ ಇರುವಂಥ ಎಚ್ಚರಿಕೆಯ ಚೀಟಿ ಇದಕ್ಕೂ ಬೇಕು ಎಂದು ಕೇಳಿದರು. ಕನ್ನಡದ ನೆಲದ ಬೇರಿನ ವೈದ್ಯರೊಬ್ಬರು ಜಗತ್ತಿಗೆ ಕೂಗಿ ಹೇಳಿದ್ದು ನಮ್ಮ ತಾಲ್ಲೂಕು ಕಚೇರಿಗಳಿಗೆ ಕೇಳಿಸಿಲ್ಲ.

ಫೋನಿನಿಂದ ಮಗು ಕುಗ್ಗಿತೋ, ಕುಗ್ಗಿದ ಮಗು ಫೋನಿಗೆ ಅಂಟಿತೋ ಎಂದು ವಿಜ್ಞಾನಿಗಳಲ್ಲಿ ವಾದವಿದೆ. ಇರಲಿ. ಯಾವ ಮಗು ಎಷ್ಟು ಹೊತ್ತಿಗೆ ಏನು ನೋಡಿತು, ಎಲ್ಲಿ ಬೆರಳು ನಿಂತಿತು ಎಂಬ ಲೆಕ್ಕವೆಲ್ಲ ಇರುವುದು ಕಂಪನಿಗಳ ಕೈಯಲ್ಲಿ. ಬಿಚ್ಚಿ ತೋರಿಸಲಿ. ಬಿಚ್ಚುವವರೆಗೆ ಸಂದೇಹದ ಲಾಭ ಮಗುವಿಗೆ ಸಿಗಬೇಕೇ ಹೊರತು ಅವರಿಗಲ್ಲ.

ಈಗ ಹುಡುಗಿಯರ ಮಾತು. ನನ್ನ ಹೊಟ್ಟೆ ಉರಿಯುವುದು ಇಲ್ಲಿ.

ಬಾಲ್ಯವಿವಾಹ ನಮ್ಮ ಜಿಲ್ಲೆಯನ್ನು ಬಿಟ್ಟು ಹೋಗಿಲ್ಲ. 2006ರ ಕಾಯ್ದೆ ಇದೆ, ಸಹಾಯವಾಣಿ ಇದೆ, ಗೋಡೆ ಬರಹ ಇದೆ, ಆದರೂ ಹತ್ತನೇ ತರಗತಿ ಮುಗಿಯುವ ಮೊದಲು ಹಂದರ ಹಾಕುವ ಮನೆಗಳಿವೆ. ಅಂಥ ನೆಲದ ಮೇಲೆ ಹುಡುಗಿಯ ಒಂದು ಫೋಟೊ ಯಾರದೋ ಕೈಗೆ ಸಿಕ್ಕರೆ ಏನಾಗುತ್ತದೆ ಎಂದು ದೂರದ ಕಂಪನಿಯ ಎಂಜಿನಿಯರಿಗೆ ಗೊತ್ತಿಲ್ಲ. ಯಾವನೋ ಒಬ್ಬ ಅವಳ ಹೆಸರಿನಲ್ಲಿ ನಕಲಿ ಖಾತೆ ತೆರೆಯುತ್ತಾನೆ. ಮುಖ ಒಬ್ಬಳದು, ಮೈ ಇನ್ನೊಬ್ಬಳದು ಮಾಡಿ ಹಂಚುತ್ತಾನೆ. ತಪ್ಪು ಅವನದು. ಅದನ್ನು ಗಂಟೆಯೊಳಗೆ ಊರೆಲ್ಲ ಹರಡಿದ್ದು ಯಂತ್ರದ್ದು. ಸಾಲಿ ಬಿಡಿಸುವುದು ಯಾರನ್ನು? ಅವಳನ್ನು. “ಮೊಬೈಲ್ ಹಿಡದ್ಲು, ಮನಿ ಮರ್ಯಾದಿ ಹೋತು” ಎಂದು ಮನೆಯೊಳಗೆ ಕೂಡಿಸುವುದು ಅವಳನ್ನು. ಬೀಗರನ್ನು ಹುಡುಕುವುದು ಅವಳಿಗೆ. ಆ ಭಯದಲ್ಲಿ ಎಷ್ಟೋ ಹುಡುಗಿಯರು ಬಾಯಿ ಬಿಡುವುದಿಲ್ಲ, ಬೆದರಿಸುವವನು ಹೇಳಿದಂತೆ ಕುಣಿಯುತ್ತ ಒಳಗೊಳಗೇ ಸಾಯುತ್ತಾರೆ. ಅಪ್ಪಂದಿರೇ, ಅಣ್ಣಂದಿರೇ, ಕೇಳಿರಿ. ನಿಮ್ಮ ಮಗಳು, ತಂಗಿ ಬಂದು ಹೀಗಾಗಿದೆ ಎಂದು ಹೇಳಿದ ದಿನ ಅವಳ ಓದು ನಿಲ್ಲುತ್ತದೆ ಎಂದು ಅವಳಿಗೆ ಗೊತ್ತಿದ್ದರೆ ಅವಳು ಎಂದೂ ಬಂದು ಹೇಳುವುದಿಲ್ಲ. ಆ ದುಷ್ಟನಿಗೆ ನಿಮಗಿಂತ ದೊಡ್ಡ ಸಹಾಯ ಮಾಡಿದವರು ಬೇರೆ ಇಲ್ಲ. 1930ಕ್ಕೆ ಫೋನು ಮಾಡಿ ಸೈಬರ್ ಅಪರಾಧದ ದೂರು ಕೊಡಬಹುದು, ಮಕ್ಕಳ ಸಹಾಯವಾಣಿ 1098 ಇದೆ. ಈ ಎರಡು ನಂಬರುಗಳನ್ನು ಹುಡುಗಿಯ ಪಾಠದ ಪುಸ್ತಕದ ಮೊದಲ ಪುಟದಲ್ಲಿ ನೀವೇ ಬರೆದುಕೊಡಿರಿ, ನಾನು ನಿನ್ನ ಬೆನ್ನಿಗಿದ್ದೇನೆ ಎಂದು ಬಾಯಿ ಬಿಟ್ಟು ಹೇಳಿರಿ.

ಹುಡುಗರ ಗತಿ ಬೇರೆ ರೀತಿಯದು. ನದಿಯ ಸೇತುವೆಯ ಅಂಚಿನಲ್ಲಿ ನಿಂತು, ಡಬಲ್ ಟ್ರೇಲರ್ ಕಬ್ಬಿನ ಟ್ರ್ಯಾಕ್ಟರಿನ ಮೂತಿ ಎತ್ತಿಸಿ, ಬೈಕಿನ ಹಿಂದಿನ ಗಾಲಿಯ ಮೇಲೆ ಓಡಿ ವಿಡಿಯೊ ಮಾಡುತ್ತಾರೆ. ಸೆಕೆಂಡುಗಳ ಲೆಕ್ಕದ ಆ ತುಣುಕಿಗೆ ಜೀವ ಪಣ. ಮಚ್ಚು ಹಿಡಿದು, ಸಿಗರೇಟು ಕಚ್ಚಿ, ಜಾತಿಯ ಹಾಡು ಹಾಕಿ ಗುಂಪು ಕಟ್ಟುವ ಚಟ ಇನ್ನೊಂದು. ಅಂಥ ಗುಂಪುಗಳನ್ನು ಚುನಾವಣೆಯ ಕಾಲಕ್ಕೆ ಬಳಸಿಕೊಳ್ಳುವ ಎಲ್ಲ ಪಕ್ಷಗಳ ಮುಖಂಡರಿಗೂ ಇದರಲ್ಲಿ ಪಾಲಿದೆ. ಗರಡಿಮನೆಯ ಕೆಮ್ಮಣ್ಣಿನಲ್ಲಿ ಉರುಳಾಡಿ ಮೈ ಗಟ್ಟಿ ಮಾಡಿಕೊಳ್ಳುತ್ತಿದ್ದ ಊರುಗಳು ಇವು. ಮುಧೋಳದ ಬಳೆಗಾರರ ಮನೆಯ ಹುಡುಗ ರನ್ನ ಕವಿಚಕ್ರವರ್ತಿ ಎನಿಸಿಕೊಂಡ ನೆಲ ಇದು. ತತ್ವಜ್ಞಾನಿ ಗುರುದೇವ ರಾನಡೆ 1886ರಲ್ಲಿ ಹುಟ್ಟಿದ್ದು ಜಮಖಂಡಿಯಲ್ಲಿ. ಒಂದು ಕಡೆ ಕುಳಿತು ಒಂದನ್ನೇ ದೀರ್ಘವಾಗಿ ನೋಡುವ ಶಕ್ತಿ ಇಲ್ಲದೆ ಕಾವ್ಯವೂ ಇಲ್ಲ, ತತ್ವವೂ ಇಲ್ಲ, ನೇಯ್ಗೆಯೂ ಇಲ್ಲ. ಆ ಶಕ್ತಿಯನ್ನೇ ಚೂರು ಚೂರು ಮಾಡಿ ಜಾಹೀರಾತಿಗೆ ಮಾರಲಾಗುತ್ತಿದೆ. ಮುಧೋಳದಿಂದ ಮತ್ತೊಬ್ಬ ಕವಿ ಏಳಬೇಕಾದರೆ ಅವನಿಗೆ ಮೊದಲು ಒಂದು ತಾಸಿನ ಏಕಾಂತವಾದರೂ ಬೇಕು.

ಫೋನು ಒಡೆದು ಹಾಕಿ ಎಂದು ನಾನು ಹೇಳುವುದಿಲ್ಲ. ರಬಕವಿಯ ನೇಕಾರ ವಾಟ್ಸಾಪಿನಲ್ಲಿ ಸೀರೆಯ ಫೋಟೊ ಕಳಿಸಿ ಗಿರಾಕಿ ಹಿಡಿಯುತ್ತಾನೆ. ಟ್ಯೂಷನ್ನಿಗೆ ದುಡ್ಡಿಲ್ಲದ ಬೀಳಗಿಯ ಹುಡುಗಿ ಗಣಿತವನ್ನು ಅದರಲ್ಲೇ ಕಲಿಯುತ್ತಾಳೆ. ಅವರ ಕೈಯಿಂದ ಅದನ್ನು ಕಸಿದುಕೊಳ್ಳುವ ಹಕ್ಕು ನನಗಿಲ್ಲ. ನನ್ನ ಜಗಳ ಫೋನಿನ ಜೊತೆಗಲ್ಲ. ಮಗು ಮಲಗಬೇಕಾದ ಹೊತ್ತಿಗೆ ಟಣ್ ಎಂದು ಎಬ್ಬಿಸಿ, ಅದು ಅತ್ತಾಗ ಅಳುವಂಥದ್ದನ್ನೇ ಇನ್ನಷ್ಟು ತೋರಿಸಿ, ಆ ಹೊತ್ತನ್ನು ದುಡ್ಡು ಮಾಡಿಕೊಳ್ಳುವ ದಂಧೆಯ ಜೊತೆಗೆ. ಹಾಲಿಗೆ ನೀರು ಬೆರೆಸಿದವನ ಮೇಲೆ ಕೇಸು ಹಾಕುವ ದೇಶದಲ್ಲಿ ಮಕ್ಕಳ ಮನಸ್ಸಿಗೆ ವಿಷ ಬೆರೆಸಿದವನ ಮೇಲೆ ಯಾಕಿಲ್ಲ?

ಸರ್ಕಾರ ಏನು ಮಾಡಿತು? 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. 18ರೊಳಗಿನವರ ಜಾಡು ಹಿಡಿಯಬಾರದು, ಅವರನ್ನು ಗುರಿಯಾಗಿಸಿ ಜಾಹೀರಾತು ತೋರಿಸಬಾರದು, ತಂದೆತಾಯಿಯ ಖಚಿತ ಒಪ್ಪಿಗೆ ಪಡೆಯಬೇಕು ಎಂದು ಅದರಲ್ಲಿ ಇದೆ. ತಪ್ಪಿದರೆ ದಂಡ 200 ಕೋಟಿ ರೂಪಾಯಿಯವರೆಗೆ. ಕೇಳಲು ಒಳ್ಳೆಯ ಮಾತು. ನಿಯಮಗಳು ಹೊರಬರಲು 2025ರ ನವೆಂಬರ್ ಆಯಿತು. ಮುಖ್ಯ ನಿಯಮಗಳ ಜಾರಿಗೆ ಮತ್ತೆ 18 ತಿಂಗಳ ಕಾಲಾವಕಾಶ ಕೊಟ್ಟರು. ಆ ನವೆಂಬರಿನಲ್ಲಿ ಒಂಬತ್ತನೇ ತರಗತಿಯಲ್ಲಿದ್ದ ಹುಡುಗಿ, ನಿಯಮ ಜಾರಿಗೆ ಬರುವ ಹೊತ್ತಿಗೆ ಎಸ್‌ಎಸ್‌ಎಲ್‌ಸಿ ಬರೆದು ಮುಗಿಸಿರುತ್ತಾಳೆ. ಅವಳ ಪಾಲಿನ ಕಾಯ್ದೆ ಎಲ್ಲಿ? 2023ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಹೈಕೋರ್ಟಿನ ಪೀಠವೇ, ಸಾಲಿ ಮಕ್ಕಳಿಗೆ ಜಾಲತಾಣ ನಿಷೇಧಿಸಿದರೆ ದೇಶಕ್ಕೆ ಒಳ್ಳೆಯದು ಎಂಬರ್ಥದ ಮಾತು ಆಡಿತ್ತು. ಆಸ್ಟ್ರೇಲಿಯಾ 2024ರಲ್ಲಿ ಕಾಯ್ದೆ ಮಾಡಿ, 2025ರ ಡಿಸೆಂಬರ್ 10ರಿಂದ 16ರೊಳಗಿನವರಿಗೆ ಖಾತೆ ಕೊಡುವುದನ್ನು ನಿಲ್ಲಿಸಿತು. ಅಲ್ಲಿ ದಂಡ ಬೀಳುವುದು ಕಂಪನಿಗೆ, ಮಗುವಿಗೂ ಇಲ್ಲ, ತಾಯಿಗೂ ಇಲ್ಲ. ಆ ಒಂದು ನ್ಯಾಯವನ್ನಾದರೂ ನಾವು ಕಲಿಯಬೇಕು. ನಮ್ಮಲ್ಲಿ ಎಲ್ಲ ಭಾರವೂ ಕಂಡಕಿ ಸುತ್ತುವ ಅವ್ವನ ತಲೆಯ ಮೇಲೆ. ಅಕ್ಷರ ಬಾರದ ಅವಳು, ಜಗತ್ತಿನ ಅತಿ ಜಾಣ ಎಂಜಿನಿಯರುಗಳು ಕಟ್ಟಿದ ಬಲೆಯಿಂದ ಮಗನನ್ನು ಒಬ್ಬಳೇ ಬಿಡಿಸಬೇಕಂತೆ!

ಮನಸ್ಸು ಕೆಟ್ಟ ಮಗುವನ್ನು ಎಲ್ಲಿಗೆ ಒಯ್ಯಬೇಕು? ತಂತ್ರಜ್ಞಾನದ ಚಟಕ್ಕೆಂದೇ ನಿಮ್ಹಾನ್ಸ್ 2014ರಲ್ಲಿ ಶಟ್ ಎಂಬ ಕ್ಲಿನಿಕ್ ತೆರೆಯಿತು. ಅದು ಇರುವುದು ಬೆಂಗಳೂರಿನಲ್ಲಿ, ಇಲ್ಲಿಂದ ಸುಮಾರು 500 ಕಿಲೋಮೀಟರ್ ದೂರ. 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಹಗಲು ರಾತ್ರಿ ಉಚಿತ, ಕನ್ನಡದಲ್ಲಿಯೂ ಮಾತಾಡಬಹುದು. ಅದರ ನಂಬರು ಎಷ್ಟು ಸಾಲಿಗಳ ಗೋಡೆಯ ಮೇಲಿದೆ, ನೀವೇ ನೋಡಿ ಬನ್ನಿರಿ. ಸಕ್ಕರೆ ಕಾರ್ಖಾನೆಗಳ ಚಿಮಣಿಗಳಿಗೆ ಈ ನಾಡಿನಲ್ಲಿ ಬರವಿಲ್ಲ. ಮಕ್ಕಳ ಮನಸ್ಸಿನ ಮಾತು ಕೇಳಲು ಪ್ರತಿ ಸಾಲಿಗೆ ವಾರಕ್ಕೊಮ್ಮೆ ಬಂದು ಕೂಡುವ ಒಬ್ಬ ಆಪ್ತ ಸಮಾಲೋಚಕರನ್ನು ಕೊಡಲು ದುಡ್ಡಿಲ್ಲ ಎಂದರೆ ಯಾರು ನಂಬುತ್ತಾರೆ?

ಕೈಕಟ್ಟಿ ಕುಳಿತುಕೊಳ್ಳಬೇಕಾಗಿಲ್ಲ ಎಂದು ತೋರಿಸಿದ ಊರು ದೂರವಿಲ್ಲ. ಆಸ್ಪತ್ರೆಗೆ ಮಿರಜಕ್ಕೆ, ಅರಿಷಿಣ ಮಾರಲು ಸಾಂಗ್ಲಿಗೆ ಹೋಗಿ ಬರುವವರು ನಾವು. ಅದೇ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ ಎಂಬ ಹಳ್ಳಿ 2022ರಲ್ಲಿ ಒಂದು ನಿರ್ಧಾರ ಮಾಡಿತು. ಸಂಜೆ ಏಳಕ್ಕೆ ಭೋಂಗಾ ಕೂಗುತ್ತದೆ. ಎಂಟೂವರೆಯ ತನಕ ಮನೆಗಳಲ್ಲಿ ಟಿವಿ ಇಲ್ಲ, ಮೊಬೈಲ್ ಇಲ್ಲ. ಮಕ್ಕಳು ಓದುತ್ತಾರೆ, ದೊಡ್ಡವರು ಮಾತಾಡುತ್ತಾರೆ. ಅಲ್ಲಿ ನಿಯಮ ಮಕ್ಕಳಿಗಷ್ಟೇ ಇಲ್ಲ, ದೊಡ್ಡವರೂ ಫೋನು ಇಡಬೇಕು. ನಮ್ಮ ಮನೆಗಳಲ್ಲಿ ಅಪ್ಪ ಒಂದು ಮೂಲೆಯಲ್ಲಿ ಫೋನು ಹಿಡಿದುಕೊಂಡೇ ಮಗನಿಗೆ “ಓದು” ಎಂದು ಗದರಿಸುತ್ತಾನೆ. ಕೂಸು ರೊಟ್ಟಿ ತಿನ್ನಲಿ ಎಂದು ಮೂರನೇ ವರ್ಷಕ್ಕೇ ಪರದೆ ಹಿಡಿದವರು ನಾವೇ. ಆ ಪಾಪದಲ್ಲಿ ನಮ್ಮ ಪಾಲನ್ನು ಒಪ್ಪಿಕೊಳ್ಳದೆ ಕಂಪನಿಯ ಕಡೆ ಬೊಟ್ಟು ಮಾಡಿದರೆ ಮಕ್ಕಳು ನಮ್ಮನ್ನು ನಂಬುವುದಿಲ್ಲ.

ಕೃಷ್ಣೆಯ ದಂಡೆಯವರಿಗೆ ನಾನು 1989ನ್ನು ನೆನಪಿಸುತ್ತೇನೆ. ಸರ್ಕಾರ ಬರಲಿಲ್ಲ ಎಂದು ಆಗ ಜಮಖಂಡಿ ಸೀಮೆಯ ರೈತರು ಸುಮ್ಮನೆ ಕುಳಿತುಕೊಳ್ಳಲಿಲ್ಲ. ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ತಾವೇ ಚಂದಾ ಎತ್ತಿ, ತಾವೇ ಬುಟ್ಟಿ ಹೊತ್ತು ಚಿಕ್ಕಪಡಸಲಗಿಯಲ್ಲಿ ಬ್ಯಾರೇಜು ಕಟ್ಟಿದರು. ಅದರ ಹೆಸರು ಶ್ರಮಬಿಂದು ಸಾಗರ. ಹೊಲಕ್ಕೆ ನೀರು ಬೇಕಾದಾಗ ಹೊಳೆಗೇ ಅಡ್ಡ ನಿಂತವರ ಮೊಮ್ಮಕ್ಕಳು ಇಂದು ಹೊದ್ದಿಕೆಯ ಕತ್ತಲೆಯಲ್ಲಿ ಒಬ್ಬೊಬ್ಬರೇ ಮುಳುಗುತ್ತಿದ್ದಾರೆ.

ಕಾನೂನಿನ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಗ್ರಾಮಸಭೆ ಆಗಬೇಕು. ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆಯೂ ನಡೆಯುತ್ತದೆ. ಈ ಸಲ ಅದನ್ನು ಹಾರ ತುರಾಯಿಗೆ ಮುಗಿಸಬೇಡಿರಿ. ರಾತ್ರಿ ಎಷ್ಟು ತಾಸು ಮಲಗುತ್ತೀರಿ, ನಿಮ್ಮನ್ನು ಯಾರಾದರೂ ಹೆದರಿಸುತ್ತಿದ್ದಾರಾ, ನಿಮಗೆ ಆಡಲು ಬಯಲು ಎಲ್ಲಿ ಉಳಿದಿದೆ, ಪಂಚಾಯಿತಿಯ ಅರಿವು ಕೇಂದ್ರದ ಬಾಗಿಲು ಸಂಜೆ ತೆರೆದಿರುತ್ತದಾ ಎಂದು ಮಕ್ಕಳನ್ನೇ ಕೇಳಿರಿ. ಅವರು ಹೇಳಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿರಿ, ಅಧ್ಯಕ್ಷರ ಸಹಿ ಹಾಕಿಸಿರಿ, ಜಿಲ್ಲಾಧಿಕಾರಿಗೂ ಶಾಸಕರಿಗೂ ಸಂಸದರಿಗೂ ಕಳಿಸಿರಿ. ಜಮಖಂಡಿ, ಮುಧೋಳ, ರಬಕವಿ–ಬನಹಟ್ಟಿಯ ನಗರಸಭೆಗಳ, ಬೀಳಗಿಯ ಪಟ್ಟಣ ಪಂಚಾಯಿತಿಯ ಸದಸ್ಯರೂ ತಮ್ಮ ವಾರ್ಡಿನ ಸಾಲಿಗಳಲ್ಲಿ ಇದೇ ಕೆಲಸ ಮಾಡಲಿ. ಈ ಮುಳುಗಡೆಯ ಮೊದಲ ಕಡತವನ್ನು ನಾವೇ ತೆರೆಯೋಣ.